ರಾತ್ರಿ ಮಲಗೋದೆಲ್ಲಿ?

ಆರ್ಡಿತ್ ಕೋಲ್ಟರ್‌ಮನ್ ಕಲ್ಲೆದೆಯ ಹೆಂಗಸು. ನಿಯಮದ ಪುಸ್ತಕ ಒಂದು ಕಡೆ, ಮನುಷ್ಯ ಒಂದು ಕಡೆ ನಿಂತರೆ ಆಕೆ ಪುಸ್ತಕದ ಪಕ್ಕಕ್ಕೆ ಹೋಗಿ ನಿಲ್ಲುತ್ತಾಳೆ, ಅದೂ ಮನುಷ್ಯನಿಗೆ ಬೆನ್ನು ಹಾಕಿ. ಡನ್ಲಪ್ ಕೌಂಟಿಯಲ್ಲಿ ಯಾರನ್ನು ಕೇಳಿದರೂ ಈ ಮಾತು ಹೇಳುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು. ಆದರೂ ನಾಲ್ಕು ವರ್ಷಕ್ಕೊಮ್ಮೆ ಖಜಾಂಚಿಯ ಹುದ್ದೆಗೆ ಅವಳನ್ನೇ ಆರಿಸುತ್ತಿದ್ದರು, ಎದುರಾಳಿಯಿಲ್ಲದೆ. ಎದುರಾಳಿಯಾಗಬಲ್ಲವರೆಲ್ಲ ಬಹಳ ಹಿಂದೆಯೇ ಪೂರ್ವದ ನಗರಗಳಿಗೆ ಹೊರಟುಹೋಗಿದ್ದರು.

ಖಜಾಂಚಿಯ ಕೆಲಸದಲ್ಲಿ ವಾಹನಗಳ ನೋಂದಣಿಯೂ ಸೇರಿತ್ತು. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ನಂಬರ್ ಪ್ಲೇಟಿನ ಮೊದಲ ಅಂಕಿ ಕೌಂಟಿಯದು, ಎಂದರೆ ಜಿಲ್ಲೆಯದು. ಸಾವಿರದ ಒಂಬೈನೂರ ಇಪ್ಪತ್ತೆರಡರಲ್ಲಿ ಯಾವ ಕೌಂಟಿಯಲ್ಲಿ ಎಷ್ಟು ವಾಹನವಿತ್ತು ಎಂದು ನೋಡಿ ಒಂದರಿಂದ ತೊಂಬತ್ತಮೂರರವರೆಗೆ ಕೊಟ್ಟ ಅಂಕಿ ಅದು. ಡನ್ಲಪ್‌ಗೆ ಬಂದದ್ದು ಎಂಬತ್ತರಾಚೆಯ ಅಂಕಿ, ಎಂದರೆ ಅಂದೂ ಅದೇನು ದೊಡ್ಡ ಕೌಂಟಿಯಲ್ಲ. ಆದರೆ ಮುನ್ನೂರು ಮೈಲಿ ಆಚೆ ಯಾವುದೋ ಪೆಟ್ರೋಲ್ ಬಂಕಿನಲ್ಲಿ ಆ ಅಂಕಿ ಕಂಡರೆ ಡನ್ಲಪ್‌ನವರ ಕೈ ತಾನಾಗಿ ಮೇಲೆದ್ದು ಬೀಸುತ್ತದೆ. ಇದೇ ಆರ್ಡಿತ್‌ಳ ತಲೆನೋವು. ಊರು ಬಿಟ್ಟವರು ಮನೆ ಮಾರಿದರು, ದನ ಮಾರಿದರು, ಚರ್ಚಿನ ಬೆಂಚನ್ನು ಖಾಲಿ ಮಾಡಿದರು; ವಾಸವಿರುವ ಕೌಂಟಿಯಲ್ಲೇ ನೋಂದಣಿ ಎಂಬ ನಿಯಮವಿದ್ದರೂ ಪ್ಲೇಟು ಮಾತ್ರ ಬಿಡಲೊಲ್ಲರು.

ಲಿಂಕನ್ ನಗರದಲ್ಲಿ ಒಂಬತ್ತು ವರ್ಷದಿಂದ ವ್ಯಾಪಾರ ಮಾಡಿಕೊಂಡಿದ್ದ ರೆಕ್ಸ್ ಓಬರ್ಗ್ ಪ್ರತಿ ಜನವರಿಯಲ್ಲಿ ಐದು ಗಂಟೆ ಕಾರು ಓಡಿಸಿಕೊಂಡು ಬಂದು ಪ್ಲೇಟಿಗೆ ಅಂಟಿಸುವ ಹೊಸ ವರ್ಷದ ಚೀಟಿಗಾಗಿ ಅವಳ ಕಿಟಕಿಯ ಮುಂದೆ ನಿಲ್ಲುತ್ತಿದ್ದ.

"ರೆಕ್ಸ್, ರಾತ್ರಿ ಮಲಗೋದೆಲ್ಲಿ?"

"ಇದೇನೇ ಆರ್ಡಿತ್, ಹೆಂಡ್ತಿ ಕೇಳೋ ಪ್ರಶ್ನೆ ನೀನು ಕೇಳ್ತೀಯ!"

"ಹೆಂಡ್ತಿಗಾದ್ರೆ ಸುಳ್ಳು ಹೇಳ್ಬಹುದು. ಇಲ್ಲಿ ಸಹಿ ಹಾಕ್ಬೇಕು."

"ಅಪ್ಪನ ಜಮೀನು ಇಲ್ಲೇ ಇದೆ. ನಾನು ಹುಟ್ಟಿದ್ದಿಲ್ಲಿ. ಸತ್ರೆ ಹೂಳೋದೂ ಇಲ್ಲೇ, ಜಾಗ ಕೊಂಡಿಟ್ಟಿದೀನಿ."

"ಹುಟ್ಟಿದ್ದು ಕೇಳ್ಲಿಲ್ಲ, ಸಾಯೋದೂ ಕೇಳ್ಲಿಲ್ಲ. ಮಧ್ಯೆ ಮಲಗೋದೆಲ್ಲಿ ಅಂತ ಕೇಳಿದ್ದು."

ರೆಕ್ಸ್ ಬಾಗಿಲು ಬಡಿದು ಹೋದ. ಕಿಟಕಿಯ ಹೊರಗೆ ಸಾಲಿನಲ್ಲಿದ್ದವರು ನಕ್ಕರು. ಆ ಪ್ರಶ್ನೆಯೇ ಅವಳಿಗೆ ಅಡ್ಡಹೆಸರಾಗಿತ್ತು. ಅವಳ ಲೆಕ್ಕ ಹೀಗಿತ್ತು: ಕೌಂಟಿಯಲ್ಲಿ ನೋಂದಾಯಿತ ವಾಹನ ಸಾವಿರದ ನೂರ ನಲವತ್ತು, ಮನುಷ್ಯರು ಐನೂರು ಚಿಲ್ಲರೆ. ಪ್ಲೇಟುಗಳನ್ನು ನೋಡಿದರೆ ಡನ್ಲಪ್ ಬೆಳೆಯುತ್ತಿತ್ತು, ಹಾಸಿಗೆಗಳನ್ನು ನೋಡಿದರೆ ಕರಗುತ್ತಿತ್ತು. ಊರಿನ ಮೇಲೆ ಜೀವ ಇಟ್ಟುಕೊಂಡವರೆಲ್ಲ ಊರು ಬಿಟ್ಟವರೇ ಎಂದು ಅವಳಿಗೆ ರೇಗುತ್ತಿತ್ತು. ಇಷ್ಟು ಪ್ರೀತಿ ಇದ್ದರೆ ಬಂದು ಮಲಗಬಾರದೇ?

ಎರಡು ಸಾವಿರದ ಹತ್ತು ಜನಗಣತಿಯ ವರ್ಷ. ಒಂದು ಕಾಲಕ್ಕೆ ಎರಡು ಸಾವಿರದ ನೂರು ಜನರಿದ್ದ ಕೌಂಟಿ ಹಿಂದಿನ ಗಣತಿಯಲ್ಲಿ ಐನೂರ ನಲವತ್ತೆರಡಕ್ಕೆ ಇಳಿದಿತ್ತು. ರಾಜ್ಯದ ಅರ್ಧಕ್ಕಿಂತ ಹೆಚ್ಚು ಜನ ಪೂರ್ವದ ಮೂರೇ ಕೌಂಟಿಗಳಲ್ಲಿ ತುಂಬಿಕೊಂಡಿದ್ದರು. ಉಳಿದ ತೊಂಬತ್ತು ಕೌಂಟಿಗಳು ಉಳಿದ ಅರ್ಧವನ್ನು ಹಂಚಿಕೊಂಡು ಕೂತಿದ್ದವು. ಹತ್ತು ವರ್ಷದ ಹಿಂದೆ ಡನ್ಲಪ್‌ನ ಆಡಳಿತ ಮಂಡಳಿಯೂ ಪಕ್ಕದ ವಿಕ್ಸ್ ಕೌಂಟಿಯ ಮಂಡಳಿಯೂ ಕೂತು ಒಂದು ಒಪ್ಪಂದ ಬರೆದಿದ್ದವು: ಮುಂದಿನ ಗಣತಿಯಲ್ಲಿ ಯಾರು ಐನೂರಕ್ಕಿಂತ ಕೆಳಗೆ ಇಳಿಯುತ್ತಾರೋ ಅವರು ತಮ್ಮ ಕಚೇರಿ ಮುಚ್ಚಿ ಇನ್ನೊಬ್ಬರ ಕಚೇರಿಗೆ ಸೇರಬೇಕು. ಸಹಿ ಹಾಕುವಾಗ ಎರಡೂ ಕಡೆಯವರಿಗೆ ಇಳಿಯುವವರು ಎದುರಿನವರೇ ಎಂಬ ಧೈರ್ಯವಿತ್ತು. ವಿಕ್ಸ್‌ನಲ್ಲಿ ಒಂದು ವೃದ್ಧರ ಆರೈಕೆ ಮನೆಯಿತ್ತು, ನಲವತ್ತು ಹಾಸಿಗೆ. ಡನ್ಲಪ್‌ನ ಮುದುಕರೂ ಕೊನೆಗೆ ಹೋಗಿ ಸೇರುತ್ತಿದ್ದದ್ದು ಅಲ್ಲಿಗೇ.

ಮಾರ್ಚಿನಲ್ಲಿ ಒಂದು ಮಂಗಳವಾರ ಊರಿನ ಒಂದೇ ಕೆಫೆಯಲ್ಲಿ ಮಂಡಳಿಯ ಅಧ್ಯಕ್ಷ ಗೇಲನ್ ಸ್ಟ್ರಾಕ ತಟ್ಟೆಯ ಕೆಳಗೆ ಹಾಸುವ ಕಾಗದವನ್ನು ತಿರುಗಿಸಿ ಮನೆ ಮನೆಯ ತಲೆ ಎಣಿಸತೊಡಗಿದ. ಮಾಂಸದ ಚಿಲಿ ಸಾರು ಉಣ್ಣುತ್ತಿದ್ದವರೆಲ್ಲ ಬಾಯಿ ಹಾಕಿದರು. ಕಾಗದ ನಾಲ್ಕಾಯಿತು, ಕಾಫಿ ಆರು ಸುತ್ತು. ಕೊನೆಗೆ ಬಂದದ್ದು ಐನೂರ ಒಂದು. ಅದರಲ್ಲಿ ಟೆಸ್ಸಾ ವುರ್ಡೆಮನ್‌ಳ ಹೊಟ್ಟೆಯಲ್ಲಿದ್ದ ಕೂಸೂ ಸೇರಿತ್ತು, ಮುದುಕ ವರ್ಲಿನ್ ಸ್ಕೂಗನೂ ಸೇರಿದ್ದ.

"ವರ್ಲಿನ್ ವಿಕ್ಸ್‌ನಲ್ಲಿದಾರೆ," ಎಂದಳು ಮೂಲೆಯ ಮೇಜಿನಿಂದ ಆರ್ಡಿತ್.

"ಸೊಂಟ ಮುರ್ಕೊಂಡು ಹೋಗಿದಾನೆ. ವಾಸಿಯಾದ್ಮೇಲೆ ಬರ್ತಾನೆ."

"ಹೋದ ವರ್ಷ ಫೆಬ್ರವರಿಯಲ್ಲಿ ಹೋದವರು. ಎಂಬತ್ತೆಂಟು ವರ್ಷ."

"ಮನೆ ಇದೆ, ತೆರಿಗೆ ಕಟ್ತಾನೆ. ನೀನೇ ತಗೋತೀಯಲ್ಲ ಆ ತೆರಿಗೆನ?"

"ಮನೆ ಮೇಲಿನ ತೆರಿಗೆ ಅದು, ಗೇಲನ್. ಮನೇನ ಜನಗಣತೀಲಿ ಮನುಷ್ಯ ಅಂತ ಬರ್ಕೊಳಲ್ಲ."

ಯಾರೋ ಗೊಣಗಿದರು: "ಇವಳೊಬ್ಬಳಿಗೆ ವಯಸ್ಸಾಗ್ಲಿಲ್ಲ, ತುಕ್ಕು ಹಿಡೀತು."

ಗಣತಿಯ ದಿನ ಏಪ್ರಿಲ್ ಒಂದು. ಆ ದಿನ ಯಾರು ಎಲ್ಲಿ ವಾಸವಾಗಿದ್ದಾರೋ ಅಲ್ಲಿನವರು. ವರ್ಷದ ಹೆಚ್ಚಿನ ರಾತ್ರಿ ಎಲ್ಲಿ ಮಲಗುತ್ತಾರೋ ಅದೇ ವಾಸ. ಟೆಸ್ಸಾಳ ಕೂಸು ಏಪ್ರಿಲ್ ಮೂರಕ್ಕೆ ಹುಟ್ಟಿತು. ಏಳು ಪೌಂಡಿನ ಗಂಡುಮಗು, ಗಟ್ಟಿ ಗಂಟಲು. ಇಡೀ ಕೌಂಟಿ ಅಭಿನಂದಿಸಿತು, ಎರಡು ದಿನ ತಡಮಾಡಿತಲ್ಲ ಎಂದು ಹಲ್ಲು ಕಡಿಯಿತು. ಈಗ ಉಳಿದದ್ದು ಐನೂರು. ಐನೂರು ಎಂದರೆ ಕಚೇರಿ ಉಳಿಯುತ್ತದೆ. ಐನೂರನೆಯವನು ವರ್ಲಿನ್.

ವರ್ಲಿನ್ ಆರ್ಡಿತ್‌ಳ ಪಕ್ಕದ ಮನೆಯವನು, ಮೂವತ್ತು ವರ್ಷದಿಂದ. ಹೆಂಡತಿ ಸತ್ತ ಮೇಲೆ ಒಬ್ಬನೇ ಇದ್ದ. ಚಳಿಗಾಲದಲ್ಲಿ ಬೆಳಗಿನ ಐದಕ್ಕೆ ಎದ್ದು, ಯಾರೂ ಹೇಳದೆಯೇ ಅವಳ ಮನೆಯ ಮುಂದಿನ ಹಿಮವನ್ನೂ ಗೋರಿ ಹಾಕುತ್ತಿದ್ದ. ಸದ್ದಿಗೆ ನಿದ್ದೆ ಹಾಳಾಯಿತು ಎಂದು ಅವಳು ಬೈದರೆ ಮಾರನೆಯ ದಿನ ಇನ್ನೂ ಜೋರಾಗಿ ಗೋರುತ್ತಿದ್ದ. ಈಗ ಆರೈಕೆ ಮನೆಯಿಂದ ದಿನವೂ ಕಚೇರಿಗೆ ಫೋನು.

"ಗೇಲನ್ ಎಲ್ಲಾ ಹೇಳ್ದ. ನಾನು ಬೇಕಂತೆ ನಿಮ್ಗೆ."

"ನನಗೆ ಬೇಡ."

"ಗಣತಿಯೋರು ಬಂದ್ರೆ ಇಲ್ಲೇ ಇದಾನೆ ಅನ್ನೇ. ನಾಲ್ಕು ಮಾತು. ಬಾಯಿ ಸವೆಯುತ್ತಾ?"

"ನಿಮ್ಮನ್ನ ಅಲ್ಲಿನ ಪಟ್ಟೀಲಿ ಆಗ್ಲೇ ಬರ್ಕೊಂಡಿರ್ತಾರೆ, ವರ್ಲಿನ್. ಒಬ್ಬ ಮನುಷ್ಯ ಎರಡು ಸಲ ಇರಕ್ಕಾಗಲ್ಲ."

"ಇಲ್ಲಿ ನಾನು ಒಂದು ಸಲಾನೂ ಇಲ್ಲ ಕಣೆ, ಹುಡುಗಿ. ಸಂಜೆ ಐದಕ್ಕೆ ಊಟ ಹಾಕ್ತಾರೆ. ಐದಕ್ಕೆ! ದನಕ್ಕೂ ನಾವು ಆರಕ್ಕೆ ಹಾಕ್ತಿದ್ವಿ."

ಜೂನ್‌ನಲ್ಲಿ ಗಣತಿಯವನು ಬಂದ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ನಡುವಯಸ್ಸಿನ ಮನುಷ್ಯ, ಬೇರೆ ಕೌಂಟಿಯವನು. ಕಾರಿನ ಪ್ಲೇಟು ನೋಡಿಯೇ ಆರ್ಡಿತ್‌ಗೆ ಗೊತ್ತಾಯಿತು. ವರ್ಲಿನ್‌ನ ಬಾಗಿಲನ್ನು ಮೂರು ಸಲ ತಟ್ಟಿ ಇವಳ ಜಗಲಿಗೆ ಬಂದ. ಮನೆಯವರು ಸಿಗದಿದ್ದರೆ ನೆರೆಯವರನ್ನು ಕೇಳಿ ಬರೆದುಕೊಳ್ಳಬಹುದು ಎಂದು ನಿಯಮವಿತ್ತು. ರಸ್ತೆಯಾಚೆ ಗೇಲನ್‌ನ ಪಿಕಪ್ ಸುಮ್ಮನೆ ನಿಂತಿತ್ತು, ಇಂಜಿನ್ ಆರಿಸಿ.

"ಮೇಡಂ, ಪಕ್ಕದ ಮನೇಲಿ ಏಪ್ರಿಲ್ ಒಂದಕ್ಕೆ ಯಾರಾದ್ರೂ ಇದ್ರಾ? ಹುಲ್ಲು ಕತ್ತರಿಸಿದೆ, ಕಿಟಕಿ ಗಾಜು ಒರೆಸಿದೆ. ಯಾರೋ ಇರೋ ಹಂಗಿದೆ."

"ಹುಲ್ಲು ಕತ್ತರಿಸೋದು ನಾನು. ಬಿಟ್ರೆ ಕಳೆ ಬೀಜ ನಮ್ಮ ಕಡೆ ಹಾರಿ ಬರುತ್ತೆ."

"ಗಾಜು?"

ಅವಳು ಕಂಬಿಯ ಮೇಲಿದ್ದ ಒರೆಸುವ ಬಟ್ಟೆಯನ್ನು ಎತ್ತಿ ಬೆನ್ನ ಹಿಂದೆ ಹಿಡಿದಳು. ಬಾಯಿಗೆ ಬಂದದ್ದು ಎರಡು ವಾಕ್ಯ. ಒಂದನ್ನು ಹೇಳಿದರೆ ಮೂವತ್ತು ವರ್ಷ ಕೂತ ಕಿಟಕಿ ಉಳಿಯುತ್ತಿತ್ತು. ರಸ್ತೆಯಾಚೆಯ ಪಿಕಪ್ಪನ್ನು ನೋಡಿದಳು. ಗೇಲನ್‌ನ ಮೂವರು ಮಕ್ಕಳೂ ಪೂರ್ವದ ಓಮಾಹಾ ನಗರದಲ್ಲಿದ್ದರು. ಪ್ರತಿಯೊಬ್ಬರು ಹೊರಟಾಗಲೂ ಅವನು ಕೇಕು ಕತ್ತರಿಸಿ ಕಳಿಸಿದ್ದ. ಕೆಫೆಯಲ್ಲಿ ಕೂತು ಎಣಿಸಿದವರೆಲ್ಲರೂ ಹಾಗೆಯೇ. ನಲವತ್ತು ಜನರನ್ನು ಕೈಬೀಸಿ ಕಳಿಸಿ ಒಬ್ಬ ಮುದುಕನ ಹೆಸರಿನ ಸುಳ್ಳಿನಿಂದ ತೂತು ಮುಚ್ಚಲು ಹೊರಟಿದ್ದರು. ಅವಳಿಗಂತೂ ಕಳಿಸಲು ಮಕ್ಕಳೇ ಇರಲಿಲ್ಲ. ಕುಗ್ಗಿದ ಲೆಕ್ಕದಲ್ಲಿ ತನ್ನ ಪಾಲನ್ನೂ ಅವಳು ಎಂದೋ ಸೇರಿಸಿಕೊಂಡಿದ್ದಳು.

"ಯಾರೂ ಇರ್ಲಿಲ್ಲ," ಎಂದಳು. "ಅವರು ಮಲಗೋದು ವಿಕ್ಸ್‌ನಲ್ಲಿ."

ಮರು ವರ್ಷ ಮಾರ್ಚಿನಲ್ಲಿ ಅಂಕಿಗಳು ಹೊರಬಿದ್ದವು. ಪೂರ್ವದ ಮೂರು ಕೌಂಟಿಗಳು ಉಬ್ಬಿದ್ದವು. ಡನ್ಲಪ್: ನಾನೂರ ತೊಂಬತ್ತೊಂಬತ್ತು. ಕೆಫೆಯ ಕಾಗದದ ಲೆಕ್ಕ ಅಷ್ಟು ಸರಿಯಾಗಿತ್ತು ಎಂದು ಆರ್ಡಿತ್‌ಗೆ ಒಳಗೊಳಗೇ ಮೆಚ್ಚುಗೆಯಾಯಿತು. ಗೇಲನ್ ಕಾಗದ ಹಿಡಿದು ಕಿಟಕಿಗೆ ಬಂದ.

"ಒಂದು, ಆರ್ಡಿತ್. ಒಂದೇ ಒಂದು!"

"ಇವತ್ತು ಒಂದು ಹುಟ್ಟಿಸಿದ್ರೆ ಮುಂದಿನ ಸಲ ನೂರು ಹುಟ್ಟಿಸ್ಬೇಕಿತ್ತು. ನಿನಗೂ ವಯಸ್ಸಾಯ್ತು, ಗೇಲನ್."

ಅವನಿಗೆ ನಗು ಬರಲಿಲ್ಲ. "ಜನ ಒಂದು ಚೀಟಿಗೆ ಅರವತ್ತು ಮೈಲಿ ಹೋಗ್ಬೇಕು ಇನ್ಮೇಲೆ. ನಿನ್ನ ಕೆಲ್ಸಾನೂ ಹೋಯ್ತು ಕಣೆ. ಅದಾದ್ರೂ ಹೊಳೀತಾ ನಿಂಗೆ?"

"ಕಳೆಯೋ ಲೆಕ್ಕ ಬರುತ್ತೆ ನನಗೆ."

ವರ್ಲಿನ್ ಫೋನು ಮಾಡುವುದನ್ನು ಜೂನ್‌ನಲ್ಲೇ ನಿಲ್ಲಿಸಿದ್ದ.

ಕಚೇರಿ ಮುಚ್ಚುವ ಕೊನೆಯ ವಾರ ಆರ್ಡಿತ್ ಎಲ್ಲ ಪಟ್ಟಿಗಳನ್ನು ವಿಕ್ಸ್‌ಗೆ ಒಪ್ಪಿಸಲು ಸಿದ್ಧಮಾಡಿದಳು. ಬಾಕಿ ಉಳಿದದ್ದು ಒಂದೇ ಸಾಲು. ವರ್ಲಿನ್‌ನ ಪಿಕಪ್ಪನ್ನು ಅವನ ಸೋದರಳಿಯ ಹಿಂದಿನ ಶರತ್ಕಾಲದಲ್ಲಿ ಮಾರಿದ್ದ. ಮಾರಿದ ಗಾಡಿಯ ಪ್ಲೇಟನ್ನು ಕಚೇರಿಗೆ ಒಪ್ಪಿಸಬೇಕು, ಒಪ್ಪಿಸಿರಲಿಲ್ಲ. ಅವಳು ಮೂರು ಪತ್ರ ಬರೆದಿದ್ದಳು. ಮೂರಕ್ಕೂ ಉತ್ತರವಿಲ್ಲ. ಶುಕ್ರವಾರ ಮಧ್ಯಾಹ್ನ ಕೈಚೀಲ ತೆಗೆದುಕೊಂಡು ಅರವತ್ತು ಮೈಲಿ ಕಾರು ಓಡಿಸಿಕೊಂಡು ಆರೈಕೆ ಮನೆಗೆ ಹೋದಳು.

ವರ್ಲಿನ್ ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದ. ಮುಂದೆ ನಾಲ್ಕು ಕಾಲಿನ ನಡೆಗೋಲು. ಅವಳನ್ನು ನೋಡಿ ಮುಖ ಗೋಡೆಗೆ ತಿರುಗಿಸಿದ.

"ಬಂದ್ಯಾ? ಎಲ್ಲಿ ಮಲಗ್ತೀನಿ ಅಂತ ನೋಡ್ಕೊಂಡು ಹೋಗಕ್ಕೆ?"

"ಪ್ಲೇಟು ಕೊಡಿ, ವರ್ಲಿನ್."

"ಕಳ್ದೋಯ್ತು."

"ಕಳೆದಿಲ್ಲ. ನೀವು ಮೊಳೇನೂ ಕಳೆದೋರಲ್ಲ."

ಅವನು ಗದ್ದ ಎತ್ತಿ ಹಾಸಿಗೆಯ ಕಡೆ ತೋರಿಸಿದ. ಅವಳು ಹಾಸಿಗೆಯ ಅಂಚು ಎತ್ತಿದಳು. ಸರಿಯಾಗಿ ಸೊಂಟ ಬರುವ ಜಾಗದಲ್ಲಿ, ಟವೆಲಿನಲ್ಲಿ ಸುತ್ತಿದ ಪ್ಲೇಟಿತ್ತು.

"ಬರ್ಕೋ," ಎಂದ ವರ್ಲಿನ್. "ಹೋದ ವರ್ಷದಿಂದ ನೋಡ್ತಿದೀಯ ನಾನು ಎಲ್ಲಿ ಮಲಗ್ತೀನಿ ಅಂತ. ಆ ಗಾಡಿ ಹೋದಾಗಿಂದ ನಾನು ದಿನಾ ರಾತ್ರಿ ಮಲಗೋದು ಡನ್ಲಪ್ ಕೌಂಟಿ ಮೇಲೇನೇ. ಬೆನ್ನು ಕೇಳು, ಹೇಳುತ್ತೆ."

ಆರ್ಡಿತ್ ಪ್ಲೇಟನ್ನು ತಿರುಗಿಸಿ ಅಂಕಿ ಓದಿದಳು. ಪಟ್ಟಿ ತೆಗೆದು ಆ ಸಾಲಿನ ಮುಂದೆ 'ಒಪ್ಪಿಸಲಾಗಿದೆ' ಎಂದು ಬರೆದು ದಿನಾಂಕ ಹಾಕಿದಳು. ವರ್ಲಿನ್ ಅದನ್ನೂ ನೋಡಿದ. ಕೆಳತುಟಿ ಒಳಗೆ ಹೋಯಿತು.

ಆಮೇಲೆ ಅವಳು ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದಳು. ಎರಡು ತಂತಿ, ನಾಲ್ಕು ಸ್ಕ್ರೂ. ನೆಲದ ಮೇಲೆ ಮಂಡಿಯೂರಿ ಕೂತು ಪ್ಲೇಟನ್ನು ಅವನ ನಡೆಗೋಲಿನ ಮುಂದಿನ ಅಡ್ಡಪಟ್ಟಿಗೆ ಹಿಡಿದು ನೋಡಿದಳು.

"ಇದೇನೇ ಮಾಡ್ತಿದೀಯ?"

"ಸುಮ್ನೆ ಗಟ್ಟಿಯಾಗಿ ಹಿಡ್ಕೊಳ್ಳಿ. ಅಲ್ಲಾಡುತ್ತೆ."

"ಇದು ಕಾನೂನಿಗೆ ವಿರುದ್ಧ ಅಲ್ವಾ?"

"ಹೌದು. ಎಡಗಡೆ ಸ್ವಲ್ಪ ಮೇಲೆ."

ಪ್ಲೇಟು ನೆಟ್ಟಗೆ ಕೂತಿತು. ಅದರ ಮೂಲೆಯಲ್ಲಿದ್ದ ಚೀಟಿ ಹಿಂದಿನ ವರ್ಷದ್ದು. ಚೀಟಿ ಒಂದೊಂದಕ್ಕೂ ಸಂಖ್ಯೆಯಿರುತ್ತದೆ, ಒಂದು ಕಡಿಮೆಯಾದರೂ ಕಾರಣ ಬರೆಯಬೇಕು; ಮೂವತ್ತು ವರ್ಷದಲ್ಲಿ ಅವಳ ಪುಸ್ತಕದಲ್ಲಿ ಅಂಥ ಕಾರಣವೇ ಇರಲಿಲ್ಲ. ಆ ಮಧ್ಯಾಹ್ನ ಕಚೇರಿ ಬಿಡುವ ಮುಂಚೆ ಮೊದಲ ಸಲ ಬರೆದಿದ್ದಳು: ಹರಿದು ಹಾಳಾದದ್ದು, ಒಂದು.

ಅವಳು ಕನ್ನಡಕ ಸರಿಮಾಡಿಕೊಂಡು ಹೊಸ ವರ್ಷದ ಚೀಟಿಯನ್ನು ಹಿಂದಿನ ಕಾಗದದಿಂದ ಬಿಡಿಸಿದಳು. ಅದು ಎಲ್ಲೂ ಹರಿದಿರಲಿಲ್ಲ. ಹಳೆಯದರ ಮೇಲೆ ಅಂಟಿಸಿ, ಅಂಚು ಏಳದಂತೆ ಹೆಬ್ಬೆರಳಿನಿಂದ ನಾಲ್ಕೂ ಕಡೆ ಒತ್ತಿದಳು.