ರೊಟ್ಟಿ ಬಡಿಯುತ್ತಿದ್ದ ಅವ್ವ, ನಾನು ತಪ್ಪಿಸಿಕೊಂಡ ಅಪಾಯಿಂಟ್‌ಮೆಂಟ್

ಕಳೆದ ಶನಿವಾರ ಕೌನ್ಸೆಲರ್ ಕ್ಲಿನಿಕ್‌ನಲ್ಲಿ ನನ್ನ ಹೆಸರು ಕರೆದರು. ಆ ಹೆಸರಿನವಳು ನಾನಲ್ಲ, ಗೆಳತಿಯನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಅಂತ ಮರಾಠಿಯಲ್ಲಿ ಹೇಳಿ ಹೊರಗೆ ಬಂದುಬಿಟ್ಟೆ.

ಸುಳ್ಳು ಹೇಳಲು ನನಗೆ ಮರಾಠಿ ಬಹಳ ಅನುಕೂಲ.

ನಲವತ್ತೊಂದು ವರ್ಷದ ಹೆಂಗಸು, ಯೆರವಡಾದ ಆಫೀಸಿನಲ್ಲಿ ಹದಿನಾಲ್ಕು ಜನರ ಟೀಮ್ ನಡೆಸುವವಳು... ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದೆ.

ಅಪಾಯಿಂಟ್‌ಮೆಂಟ್ ಮಾಡಿಕೊಟ್ಟದ್ದು ನನ್ನ ಗಂಡ. ಎರಡು ತಿಂಗಳಿಂದ ದಿನಾ ಸಂಜೆ ಕೊಂಢವಾದ ನಮ್ಮ ಬಿಲ್ಡಿಂಗ್ ಪಾರ್ಕಿಂಗ್‌ನಲ್ಲಿ, ಕಾರಿನೊಳಗೇ ಕೂತು ಹತ್ತು ನಿಮಿಷ ಅತ್ತು, ಮುಖ ಒರೆಸಿಕೊಂಡು ಮೇಲೆ ಬರುತ್ತಿದ್ದೆ. ಒಂದು ದಿನ ಅವನು ನೋಡಿಬಿಟ್ಟ.

ಯಾಕೆ ಅಂತ ಕೇಳಿದ. ಹೇಳಲು ಏನಾದರೂ ಇದ್ದರೆ ತಾನೇ... ಮನೆ, ಕೆಲಸ, ಆರೋಗ್ಯ ಎಲ್ಲ ಸರಿ ಇದೆ. ಆದರೂ ಬೆಳಿಗ್ಗೆ ಕಣ್ಣು ಬಿಟ್ಟರೆ ಎದೆಯ ಮೇಲೆ ಯಾರೋ ಕೂತ ಹಾಗೆ.

ಕ್ಲಿನಿಕ್‌ನಿಂದ ಓಡಿ ಬಂದದ್ದು ಯಾಕೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಅರ್ಧ ತೆರೆದ ಬಾಗಿಲಿನಿಂದ ಎರಡು ಕುರ್ಚಿ ಕಂಡವು, ಎದುರುಬದುರು; ಒಂದರಲ್ಲಿ ಕೌನ್ಸೆಲರ್ ಮೇಡಂ. ಒಬ್ಬರ ಮುಖ ನೋಡುತ್ತಾ ನನ್ನ ಸಂಕಟ ಹೇಳಬೇಕಾ? ನಮ್ಮ ಮನೆಯಲ್ಲಿ ಆ ಪದ್ಧತಿಯೇ ಇರಲಿಲ್ಲ.

ಅಪ್ಪ ವಿಜಯಪುರದ ಕಡೆಯವರು. ಈ ಮರಾಠಿ ಊರಿಗೆ ಬಂದು, ಇಲ್ಲಿನ ಮಾರ್ಕೆಟ್ ಯಾರ್ಡಿನ ಕಾಳಿನ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಎರಡು ಕೋಣೆಯ ಮನೆ. ಸಂಜೆ ಅವ್ವ ಸ್ಟೋವ್ ಮುಂದೆ ಜೋಳದ ರೊಟ್ಟಿ ಬಡಿಯಲು ಕೂತರೆ, ಅವಳ ಹಿಂದೆ ಹಿಟ್ಟಿನ ಡಬ್ಬಿಗೆ ಒರಗಿ ನಾನು ಕೂರುತ್ತಿದ್ದೆ.

ನಾನು ಹೇಳಿದ್ದೆಲ್ಲ ಅವಳ ಬೆನ್ನಿಗೇ. ಗಣಿತದಲ್ಲಿ ಫೇಲಾದದ್ದು, ಬಸ್ಸಿನಲ್ಲಿ ಒಬ್ಬ ಮೈ ಮುಟ್ಟಿದ್ದು, ಮದುವೆಯಾದ ಮೇಲೆ ಮೂರು ತಿಂಗಳ ಬಸುರಿನಲ್ಲೇ ಕಳೆದುಕೊಂಡ ಮಗು...

ಅವ್ವ ತಿರುಗಿ ನೋಡುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ನಿಧಾನವಾಗುತ್ತಿತ್ತು, ಅಷ್ಟೇ. ಕೇಳುತ್ತಿದ್ದಾಳೆ ಅಂತ ಅದರಿಂದಲೇ ನನಗೆ ತಿಳಿಯುತ್ತಿತ್ತು.

ಕೊನೆಗೆ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೈ ಹಿಂದಕ್ಕೆ ಚಾಚುತ್ತಿದ್ದಳು. "ತಿನ್ನು. ಹೊಟ್ಟಿ ತುಂಬಿದ್ರ ಅರ್ಧಾ ಕಡಿಮಿ ಆಗ್ತದ."

ಆ ಸಣ್ಣ ಅಡುಗೆಮನೆ, ಸೀಮೆಎಣ್ಣೆ ವಾಸನೆಯ ಜೊತೆ ಬೆರೆತ ಜೋಳದ ಹಿಟ್ಟಿನ ವಾಸನೆ... ಈಗಲೂ ಮರೆತಿಲ್ಲ.

ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ಎಪ್ಪತ್ತಮೂರು ವಯಸ್ಸು, ಮಣಿಕಟ್ಟು ನೋವು. ರೊಟ್ಟಿ ಬಡಿಯುವುದು ಬಿಟ್ಟು ಆರು ವರ್ಷವಾಯಿತು. ಎಲ್ಲರೂ ಮಾವಶಿ ಅನ್ನುವ ಪಕ್ಕದ ಗಲ್ಲಿಯ ಹೆಂಗಸೊಬ್ಬರು ಮಾಡಿದ ರೊಟ್ಟಿ ತಂದುಕೊಡುತ್ತಾರೆ.

ರೊಟ್ಟಿ ನಿಂತಾಗ ನಮ್ಮ ಮಾತೂ ನಿಂತಿತ್ತು. ಈಗ ಇಬ್ಬರೂ ಸೋಫಾದ ಮೇಲೆ ಪಕ್ಕಪಕ್ಕ ಕೂತು ಟಿವಿ ನೋಡುತ್ತೇವೆ.

ಮೊನ್ನೆ ಭಾನುವಾರ ಮಾವಶಿ ಬರಲಿಲ್ಲ. ನಾನೇ ಹಿಟ್ಟು ಕಲಸಿ ಗ್ಯಾಸ್ ಕಟ್ಟೆಯ ಮುಂದೆ ನಿಂತೆ. ಅವ್ವ ಸ್ಟೂಲ್ ಎಳೆದುಕೊಂಡು ಹಿಂದೆ ಕೂತಳು, ನನ್ನ ರೊಟ್ಟಿಯ ಆಕಾರ ನೋಡಿ ನಗಲಿಕ್ಕೆ.

ಮೂರನೇ ರೊಟ್ಟಿಯ ಹೊತ್ತಿಗೆ, ಹಂಚನ್ನೇ ನೋಡುತ್ತಾ ಹೇಳಿಬಿಟ್ಟೆ. ಕಾರಿನೊಳಗಿನ ಅಳು, ಕ್ಲಿನಿಕ್, ಅಲ್ಲಿಂದ ಓಡಿ ಬಂದದ್ದು, ಎಲ್ಲ. ಮಗಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾಳೇನೋ ಅಂತ ಹೆದರಿಕೆ.

ಹಿಂದೆ ಅವ್ವ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ ಸದ್ದು.

"ನಾ ಈ ಊರಿಗೆ ಬಂದಾಗ ನಂಗ ಹತ್ತೊಂಬತ್ತು," ಅಂದಳು. "ಮರಾಠಿ ಒಂದಕ್ಷರ ಬರ್ತಿದ್ದಿಲ್ಲ. ನಿಮ್ಮಪ್ಪ ಮುಂಜಾನೆ ಹೋದ್ರ ಸಂಜಿಗೇ ಬರೂದು. ಬಚ್ಚಲದಾಗ ನಳಾ ಬಿಟ್ಟು ಕುಂತು ಅಳ್ತಿದ್ದೆ. ಹೊರಗ ಯಾರಿಗೂ ಕೇಳಬಾರ್ದು ಅಂತ."

ನನ್ನ ಕೈ ನಿಧಾನವಾಯಿತು.

"ಎಷ್ಟು ದಿನ ಅವ್ವಾ?"

"ಭಾಳ ವರ್ಷ."

ಇಷ್ಟು ವರ್ಷ ನನ್ನದನ್ನೆಲ್ಲ ಅವಳ ಮೇಲೆ ಸುರಿದೆ. ನಿನಗೇನಾಗಿದೆ ಅವ್ವಾ ಅಂತ ಒಂದು ಸಲವೂ ಕೇಳಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ತಿರುಗಿ ಅವಳನ್ನು ತಬ್ಬಿಕೊಳ್ಳಬೇಕು ಅನಿಸುತ್ತಿತ್ತು. ತಿರುಗಲಿಲ್ಲ. ತಿರುಗಿದರೆ ಅವಳು ಮಾತು ನಿಲ್ಲಿಸಿಬಿಡುತ್ತಿದ್ದಳು.

"ನೀ ಹೋಗು," ಅಂದಳು ಕೊನೆಗೆ. "ಮುಖಾ ನೋಡಿ ಹೇಳೂದು ಆಗ್ಲಿಲ್ಲಂದ್ರ ಕುರ್ಚಿ ತಿರುಗಿಸಿಕೊಂಡು ಕೂಡ್ತೀನಿ ಅನ್ನು. ಆಕಿ ಏನು ಬ್ಯಾಡ ಅಂತಾಳೇನು?"

ನಗು ಬಂತು, ಅಳುವಿನ ಜೊತೆಗೇ.

ಆಮೇಲೆ ದನಿ ತಗ್ಗಿಸಿ ಕೇಳಿದಳು. "ಅಲ್ಲಾ... ಆಕಿ ನಿಮ್ಮಂಥಾ ಕಲ್ತವರದಷ್ಟ ಕೇಳ್ತಾಳೋ, ನನ್ನಂಥಾ ಮುದುಕಿದೂ ಕೇಳ್ತಾಳೋ? ಮರಾಠಿಯಾಗ ಹೇಳ್ತೀನಿ. ಈಗ ಬರ್ತದಲ್ಲ."

ಈ ಶನಿವಾರ ಹನ್ನೊಂದಕ್ಕೆ ನನ್ನದು, ಹನ್ನೆರಡಕ್ಕೆ ಅವ್ವನದು.

ನಿಮ್ಮ ಮನೆಯಲ್ಲಿ ಎಲ್ಲರ ಮಾತು ಕೇಳಿಸಿಕೊಳ್ಳುವವರು ಒಬ್ಬರು ಇದ್ದೇ ಇರುತ್ತಾರಲ್ಲ... ಅವರ ಮಾತನ್ನು ಯಾರಾದರೂ ಕೇಳಿದ್ದೀರಾ?