ಮಾರ್ವಿನ್ ಬಿಟ್ಟು ಹೇಳುತ್ತಿದ್ದ ಅಧ್ಯಾಯ

ಮಾರ್ವಿನ್ ಆಣೆ ಇಡುತ್ತಿರಲಿಲ್ಲ. ಒಮ್ಮೆ ಕಾರು ಅಪಘಾತವೊಂದಕ್ಕೆ ಸಾಕ್ಷಿಯಾಗಿ ಕೋರ್ಟಿಗೆ ಹೋದಾಗಲೂ ಪ್ರಮಾಣ ಮಾಡಲು ಒಪ್ಪದೆ, "ನಿಜ ಹೇಳ್ತೀನಿ, ಅಷ್ಟು ಸಾಕು" ಎಂದಿದ್ದರಂತೆ. ಮಾತುಮಾತಿಗೆ ಅಮ್ಮನಾಣೆ, ದೇವರಾಣೆ ಎನ್ನುವ ಮಂಡ್ಯದ ಕಡೆಯ ನನಗೆ ಇದು ಸೋಜಿಗ. ಕೇಳಿದರೆ, "ಹೌದು ಅಂದಮೇಲೆ ಹೌದು. ಅದರ ಮೇಲೆ ಇನ್ನೊಂದು ಬೀಗ ಯಾಕೆ?" ಎನ್ನುತ್ತಿದ್ದರು.

ಕಡಲಾಚೆ ನಾವು ವಲಸೆ ಬಂದ ಊರು ಕೆನ್ಮೋರ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಮರದ ಬೇಲಿ. ನಿವೃತ್ತ ಪಾದ್ರಿ, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರದು ಅನಾಬ್ಯಾಪ್ಟಿಸ್ಟ್ ಪಂಥ. ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸಿದರೆ ಅರ್ಥವಿಲ್ಲ, ತಿಳಿವಳಿಕೆ ಬಂದವರು ತಾವೇ ಬಯಸಿ ಪಡೆಯಬೇಕು ಎಂದು ಶತಮಾನಗಳ ಹಿಂದೆ ಯುರೋಪಿನಲ್ಲಿ ಹಟ ಹಿಡಿದು, ಆ ಹಟಕ್ಕಾಗಿ ಪ್ರಾಣ ಕೊಟ್ಟವರ ಪಂಥ.

ಅವರ ಆದಿಗುರುಗಳಲ್ಲಿ ಒಬ್ಬರ ಜೀವನವೇ ಮಾರ್ವಿನ್‌ರ ಹುಚ್ಚು. ಹೆಸರು ಹೇಳುತ್ತಿರಲಿಲ್ಲ, "ನಮ್ಮ ಪಾದ್ರಿ" ಎನ್ನುತ್ತಿದ್ದರು, ಆಚೆ ಬೀದಿಯಲ್ಲಿರುವವರಂತೆ. ಡಚ್ ನಾಡಿನ ಆ ಪಾದ್ರಿ ನೆಮ್ಮದಿಯ ಹುದ್ದೆ ಬಿಟ್ಟು ಈ ನಂಬಿಕೆಗೆ ಬಂದದ್ದು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತಲೆಮರೆಸಿಕೊಂಡು ಅಲೆದದ್ದು, ಮುಪ್ಪಿನಲ್ಲಿ ಊರುಗೋಲು ಹಿಡಿದೂ ಬರೆಯುತ್ತಿದ್ದದ್ದು, ಇವನ್ನೆಲ್ಲ ಗುಲಾಬಿ ಕತ್ತರಿಸುತ್ತ ಬೇಲಿಯಾಚೆಯಿಂದ ಹೇಳುವರು. "ಅಟ್ಟಿಸಿಕೊಂಡು ಬಂದವರ ಮೇಲೂ ಕತ್ತಿ ಎತ್ತಬೇಡಿ ಅಂದ, ನೋಡು" ಎಂದು ಕತ್ತರಿಯನ್ನೇ ಎತ್ತಿ ತೋರಿಸುವರು. ಇದನ್ನೇ ಭಾನುವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಪಾಠವಾಗಿಯೂ ಹೇಳುತ್ತಿದ್ದರು.

ನನ್ನ ಹೆಂಡತಿ ಸುಮಾ ಒಂದು ದಿನ ನೇರವಾಗಿ ಕೇಳಿಬಿಟ್ಟಳು: "ಅವರು ಒಂದು ತಪ್ಪೂ ಮಾಡ್ಲಿಲ್ವಾ?"

ಮಾರ್ವಿನ್ ಕತ್ತರಿಯ ಅಲಗು ಒರೆಸಿಕೊಂಡರು. "ಒಂದು ಅಧ್ಯಾಯ ಇದೆ. ನಾನು ಪಾಠ ಮಾಡಲ್ಲ" ಎಂದು ಒಳಗೆ ಹೋದರು.

"ಏನ್ರೀ, ಬೇಜಾರ್ ಮಾಡ್ಕೊಂಡ್ರಾ? ಕಾಲ್ ಮಾಡಿ ಸಾರಿ ಕೇಳ್ಲಾ?" ಎಂದಳು ಸುಮಾ. ಮಗಳು ಫೋನಿನಿಂದ ತಲೆಯೆತ್ತದೆ, "ಮಾಮ್, ಲೀವ್ ಹಿಮ್ ಅಲೋನ್" ಎಂದಳು.

ಆ ಚಳಿಗಾಲ ಅವರು ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡರು. ನೋಡಿಕೊಳ್ಳಲು ಘಟ್ಟದಾಚೆಯ ಸ್ಪೋಕೇನ್‌ನಿಂದ ತಂಗಿ ಲೋಯಿಸ್ ಬಂದರು. ತಂಗಿಯೊಬ್ಬಳು ಇದ್ದಾಳೆ ಎಂದೇ ನಮಗೆ ಗೊತ್ತಿರಲಿಲ್ಲ. ಆಸ್ಪತ್ರೆಯವರು ಹತ್ತಿರದವರು ಯಾರು ಎಂದಾಗ ಮಾರ್ವಿನ್ ಆಕೆಯ ಹೆಸರು ಹೇಳಿದ್ದರು.

ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಮಾರ್ವಿನ್ ಪಾಠ ಮಾಡದ ಅಧ್ಯಾಯದ ಮಾತು ಬಂದು, ಲೋಯಿಸ್ ಅದನ್ನು ತಾವೇ ಹೇಳಿದರು. ಕತ್ತಿ ಬೇಡವೆಂದ ಗುರು ಕೊನೆಗಾಲದಲ್ಲಿ ಬಹಿಷ್ಕಾರದ ವಿಷಯಕ್ಕೆ ಕಲ್ಲಾಗಿದ್ದರು: ಸಭೆಯಿಂದ ಹೊರಹಾಕಿದವರ ಜೊತೆ ಗಂಡನಾದರೂ ಹೆಂಡತಿಯಾದರೂ ಕೂತು ಉಣ್ಣಬಾರದು. ಲೋಯಿಸ್ ವಿಚ್ಛೇದಿತನೊಬ್ಬನನ್ನು ಮದುವೆಯಾಗಿ ಸಭೆಯಿಂದ ಹೊರಬಿದ್ದಾಗ, ಸಭೆಯ ಹಿರಿಯರಾಗಿದ್ದ ಅವರ ತಂದೆ ಆ ಮಾತನ್ನೇ ಹಿಡಿದರು. ತಾಯಿಯ ಶವಸಂಸ್ಕಾರದ ದಿನ ಲೋಯಿಸ್‌ಗೆ ಮೂಲೆಯಲ್ಲಿ ಬೇರೆ ಮೇಜು ಹಾಕಿದ್ದರು.

"ಮಾರ್ವಿನ್?" ಎಂದೆ.

"ದೊಡ್ಡ ಮೇಜಿನಲ್ಲಿದ್ದ. ತಲೆ ತಗ್ಗಿಸಿಕೊಂಡು ಚೆನ್ನಾಗೇ ಊಟ ಮಾಡಿದ."

ಸುಮಾ ಅವರಿಗೆ ಇನ್ನಷ್ಟು ಕಾಫಿ ಬಗ್ಗಿಸಿದಳು. ಬೇರೆ ಜಾತಿಯವನನ್ನು ಮದುವೆಯಾದ ತನ್ನ ಸೋದರತ್ತೆಗೆ ಜಗುಲಿಯಲ್ಲೇ ಎಲೆ ಹಾಕುತ್ತಿದ್ದ ಕಥೆ ಹೇಳಿದಳು. "ಅಲ್ಲೂ ಹಾಗೇನಾ?" ಎಂದರು ಲೋಯಿಸ್. ಅವರ ಮುಖದಲ್ಲಿ ಸಮಾಧಾನವೇನೂ ಕಾಣಲಿಲ್ಲ.

ವಸಂತದಲ್ಲಿ ಮಾರ್ವಿನ್ ವಾಕರ್ ಹಿಡಿದು ಮತ್ತೆ ಪಾಠಕ್ಕೆ ಹೋದರು. ಡ್ರೈವ್ ಮಾಡಿಕೊಂಡು ಹೋದವನು ನಾನು. ಸುಮಾ, ಲೋಯಿಸ್ ಹಿಂದಿನ ಸೀಟಿನಲ್ಲಿ ಕೂತಿದ್ದರು. ಅಂದಿನ ಪಾಠದಲ್ಲಿ ಮಾರ್ವಿನ್ ತಾವು ಬಿಟ್ಟಿದ್ದ ಅಧ್ಯಾಯವನ್ನು ಹೇಳಿದರು. ಗುರುವನ್ನು ಬೈಯಲಿಲ್ಲ, ಕಾಪಾಡಲೂ ಇಲ್ಲ. "ಇದನ್ನು ಓದಿ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದ ಮನೆಗಳು ಒಡೆದುವು. ನಮ್ಮದೂ ಒಂದು" ಎಂದು ಹೇಳಿ ನೀರು ಕುಡಿದರು. ಮುಂದಿನ ಸಾಲಿನ ಒಬ್ಬ ಮುದುಕ ಎದ್ದು ಹೊರಗೆ ಹೋದ.

"ಚೆನ್ನಾಗಿ ಹೇಳಿದರು, ಅಲ್ವಾ?" ಎಂದು ಲೋಯಿಸ್‌ಗೆ ಪಿಸುಗುಟ್ಟಿದೆ.

"ಪಾಠ ಚೆನ್ನಾಗಿತ್ತು" ಎಂದರು.

ಆಮೇಲೆ ಅಲ್ಲೇ ಎಲ್ಲರೂ ತಂದ ಅಡುಗೆಯ ಊಟ. ಸುಮಾ ಚಿತ್ರಾನ್ನ ಮಾಡಿ ತಂದಿದ್ದಳು. ಲೋಯಿಸ್ ತಟ್ಟೆ ಹಿಡಿದು ಗೋಡೆಯ ಪಕ್ಕದ ಖಾಲಿ ಮೇಜಿಗೆ ಹೋಗಿ ಕೂತರು, ಪಕ್ಕದ ಕುರ್ಚಿಯ ಮೇಲೆ ಕೈಚೀಲವಿಟ್ಟು. ಮಾರ್ವಿನ್ ವಾಕರ್ ತಳ್ಳುತ್ತ ಅಲ್ಲಿಯವರೆಗೆ ಹೋದರು. ಅವರ ತಟ್ಟೆ ಹಿಡಿದು ನಾನು ಹಿಂದೆ ನಿಂತಿದ್ದೆ.

"ಇಲ್ಲಿ ಕೂತುಕೊಳ್ಳಲಾ?"

ಲೋಯಿಸ್ ಬಾಯಲ್ಲಿದ್ದ ತುತ್ತು ಅಗಿದು ನುಂಗಿದರು. "ಅವತ್ತೇ ಎದ್ದು ಬರಬಹುದಿತ್ತು" ಎಂದರು.

"ಬರಬಹುದಿತ್ತು. ಬರಲಿಲ್ಲ."

ಆಕೆ ಕೈಚೀಲವನ್ನು ಕೆಳಗಿಟ್ಟರು. ಇಬ್ಬರೂ ಒಟ್ಟಿಗೆ ಉಂಡರು.

ಬೇಸಿಗೆಯಲ್ಲಿ ಮಾರ್ವಿನ್ ಮನೆ ಮಾರಿ ತಂಗಿಯ ಜೊತೆ ಸ್ಪೋಕೇನ್‌ಗೆ ಹೋದರು. ಕಳೆದ ಜನವರಿಯಲ್ಲಿ ತೀರಿಕೊಂಡರು. ಹಿಮ ಬಿದ್ದು ಘಟ್ಟದ ರಸ್ತೆ ಮುಚ್ಚಿತ್ತು, ಹೋಗಲಾಗಲಿಲ್ಲ. ಸುಮಾ ಕಾಲ್ ಮಾಡಿ ಸ್ಪೀಕರಿಗೆ ಹಾಕಿದಳು. ಹೇಗಾಯಿತು ಎಂದು ಕೇಳಿದೆವು.

"ಬೆಳಿಗ್ಗೆ ತಿಂಡಿಗೆ ಕೂತಿದ್ದೆವು" ಎಂದರು ಲೋಯಿಸ್. "ಇನ್ನೊಂದು ಸೌಟು ಗಂಜಿ ಬೇಕು ಅಂದ. ಬಡಿಸಿದೆ. ಅದನ್ನೂ ತಿಂದ."