ಉಂಗುರದ ಒಳಮೈಯ ವಿಳಾಸ

ತೊಂಬತ್ತರ ದಶಕದಲ್ಲಿ ನಾನು ಪುಣೆಯ ರವಿವಾರ ಪೇಠೆಯ ಒಂದು ಬೆಳ್ಳಿ ಅಂಗಡಿಯ ಕಟ್ಟೆಯ ಮೇಲೆ ಕೂತು ಲೋಹದಲ್ಲಿ ಅಕ್ಷರ ಕೊರೆಯುತ್ತಿದ್ದೆ. ಅಪ್ಪ ಬಾಗಲಕೋಟೆಯಲ್ಲಿ ಪತ್ತಾರ, ಚಿನ್ನಬೆಳ್ಳಿ ಕೆಲಸದವ. ಉಳಿ ಹಿಡಿಯುವುದನ್ನು ಅವನೇ ಕಲಿಸಿದ್ದ. ಡಬ್ಬಿ, ತಾಟುಗಳ ಮೇಲೆ ಹೆಸರು ಹಾಕುವವರು ಓಣಿಗೊಬ್ಬರಿದ್ದರು. ನನ್ನ ಹತ್ತಿರ ಜನ ಬರುತ್ತಿದ್ದದ್ದು ಸಾಸಿವೆಗಿಂತ ಸಣ್ಣ ಅಕ್ಷರಕ್ಕೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಉಸಿರು ಹಿಡಿದು, ಒಂದೊಂದೇ ಗೆರೆ ಎಳೆಯಬೇಕು. ಜಾರಿದರೆ ಅಳಿಸಲು ಬರುವುದಿಲ್ಲ. ನನ್ನ ಕೈ ಜಾರುತ್ತಿರಲಿಲ್ಲ. ಆ ಸೊಕ್ಕು ನನಗಿತ್ತು.

ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಗಂಡನನ್ನು ಕೈಹಿಡಿದು ಕರೆತಂದರು. ನನ್ನ ಮರಾಠಿ ಕೇಳಿಯೇ ಕನ್ನಡದವನೆಂದು ಗುರುತಿಸಿದರು. ಅವರೂ ಗದಗಿನ ಕಡೆಯವರು. ಗಂಡ ಗೋದಾಮಿನಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರು, ಈಗ ಮರೆವು ಹತ್ತಿತ್ತು. ಎರಡು ಸಲ ಮನೆಯ ದಾರಿ ತಪ್ಪಿದ್ದರು. ಹೆಸರು, ವಿಳಾಸ ಕೊರೆದ ತಗಡೊಂದನ್ನು ಅವರ ಕೊರಳಿಗೆ ಹಾಕಬೇಕೆಂದು ಆಕೆ ಬಂದಿದ್ದರು.

"ನಾ ಏನ್ ನಾಯಿ ಏನು, ಕೊರಳಿಗೆ ಬಿಲ್ಲೆ ಕಟ್ಟಾಕ?" ಎಂದರು ಆ ಹಿರಿಯರು. ಏನೆಲ್ಲ ಮರೆತಿದ್ದರೂ ಮಾನ ಮರೆತಿರಲಿಲ್ಲ.

ಆಕೆಯ ಕಣ್ಣು ತುಂಬಿ ಬಂತು. ಹಿರಿಯರ ಬೆರಳಲ್ಲೊಂದು ಅಗಲವಾದ ಬೆಳ್ಳಿ ಉಂಗುರ ಇದ್ದದ್ದು ನನ್ನ ಕಣ್ಣಿಗೆ ಬಿತ್ತು.

"ಅಕ್ಕಾರ, ಇದರ ಒಳಮೈಗೆ ಬರದು ಕೊಡ್ತೀನ್ರಿ. ಹೆಸರು, ಓಣಿ, ಫೋನ್ ನಂಬರ, ಎಲ್ಲಾ. ಯಾರಿಗೂ ಕಾಣೂದಿಲ್ಲ."

"ಹಂಗಿದ್ರ ಹಾಕ್ರಿ," ಎಂದು ಹಿರಿಯರು ತಾವೇ ಉಂಗುರ ತೆಗೆದುಕೊಟ್ಟರು.

"ಅಷ್ಟು ಸಣ್ಣದು ಓದಾಕ ಬರ್ತದೇನ್ರಿ?" ಆಕೆ ಕೇಳಿದರು.

"ಭೂತಗನ್ನಡಿ ಹಿಡದ್ರ ಮುತ್ತು ಪೋಣಿಸಿದಂಗ ಕಾಣತಾವ್ರಿ."

ಭೂತಗನ್ನಡಿಯನ್ನು ಯಾರು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ ಎಂದು ನನಗೆ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ, ಕೆಲಸದ ಆಸೆ ಅದನ್ನು ಮುಚ್ಚಿಹಾಕಿತು. ಇಲ್ಲಿ ಕನ್ನಡ ಯಾರು ಓದುತ್ತಾರೆಂದು ಆಕೆ ಮರಾಠಿಯಲ್ಲೇ ಬರೆಸಿದರು. ಎರಡು ದಿನ ಹಿಡಿಯಿತು. ಮೂರು ಸಾಲು: ಹೆಸರು, ಅವರು ಬಾಡಿಗೆಗಿದ್ದ ಹಳೇ ವಠಾರದ, ಅಂದರೆ ವಾಡೆಯ ವಿಳಾಸ, ಪಕ್ಕದ ಮನೆಯ ಫೋನ್ ನಂಬರು. ಅಷ್ಟು ಅಚ್ಚುಕಟ್ಟಾದ ಕೆಲಸ ಅದಕ್ಕೂ ಮುಂಚೆ ನಾನು ಮಾಡಿರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ತೋರಿಸಿದ ಮೇಲೆಯೇ ಉಂಗುರ ವಾಪಸು ಕೊಟ್ಟೆ.

ಮುಂದಿನ ಮಳೆಗಾಲದಲ್ಲಿ ಆಕೆ ಒಬ್ಬರೇ ಬಂದರು. ಹಣೆಯಲ್ಲಿ ಕುಂಕುಮವಿರಲಿಲ್ಲ. ಕಟ್ಟೆಯ ತುದಿಗೆ ಕೂತು, ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದರು. ಹಾಲು ತರಲೆಂದು ಹೊರಟ ಗಂಡ ಹೇಗೋ ಲೋಣಾವಳಾ ಲೋಕಲ್ ರೈಲು ಹತ್ತಿದ್ದರಂತೆ. ಯಾವುದೋ ಊರಿನಲ್ಲಿಳಿದು, ಮಳೆಯಲ್ಲಿ ರಸ್ತೆ ಬದಿಗೆ ಬಿದ್ದಿದ್ದರು. ಕಂಡವರು ಅಲ್ಲಿಯ ಆಸ್ಪತ್ರೆಗೆ ಸೇರಿಸಿದರು. ಜ್ವರದಲ್ಲಿ ಹೆಸರು ಹೇಳಲಾಗಲಿಲ್ಲ. ಕನ್ನಡದಲ್ಲಿ ಏನೋ ಬಡಬಡಿಸುತ್ತಿದ್ದದ್ದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಹಾಗೆಯೇ ಒಂಬತ್ತು ದಿನ ಬದುಕಿದ್ದರು. ಆಕೆ ಇಲ್ಲಿ ಫೋಟೋ ಹಿಡಿದು ಪೊಲೀಸ್ ಠಾಣೆ, ಸ್ಟೇಷನ್ನು ಅಲೆಯುತ್ತಿದ್ದರು. ಫೋಟೋ ಗುರುತು ಹತ್ತಿ ಅಲ್ಲಿಗೆ ಹೋಗುವಷ್ಟರಲ್ಲಿ ಹೆಣ ಮಾತ್ರ ಸಿಕ್ಕಿತು.

"ಉಂಗುರ?" ಎಂದೆ.

"ಬೆರಳಾಗ ಇತ್ತಂತ್ರಿ. ತಗದೂ ನೋಡ್ಯಾರ. ಒಳಗ ಗೀರು ಬಿದ್ದಾವ ಅಂತ ತಿಳಕೊಂಡಿದ್ವಿ ಅಂದ್ಳು ಅಲ್ಲಿ ನರ್ಸಬಾಯಿ. ಆಕೀದೇನು ತಪ್ಪು? ನನಗೂ ಬರೇ ಗೀರ ಕಾಣತಾವ."

ಸೀರೆಯ ಸೆರಗಿನ ಗಂಟು ಬಿಚ್ಚಿ ಉಂಗುರ ತೆಗೆದರು. "ಏನ್ ಬರದೀರಿ ಅಂತ ಒಮ್ಮೆ ನಾನೂ ಓದಬೇಕ್ರಿ."

ಭೂತಗನ್ನಡಿ ಕೊಟ್ಟೆ. ಒಂದು ಕಣ್ಣು ಮುಚ್ಚಿ, ಉಂಗುರವನ್ನು ಬೆಳಕಿಗೆ ತಿರುಗಿಸುತ್ತ, ಶಾಲೆಯ ಮಕ್ಕಳ ಹಾಗೆ ಗಟ್ಟಿಯಾಗಿ ಓದಿದರು. ಗಂಡನ ಹೆಸರು. ವಾಡೆ. ಪೇಠೆ. ಫೋನಿನ ಅಂಕಿಗಳನ್ನು ಒಂದೊಂದಾಗಿ.

"ಒಂದಕ್ಷರಾನೂ ತಪ್ಪಿಲ್ಲ ನೋಡ್ರಿ. ಭಾಳ ಚಂದ ಬರದೀರಿ."

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ. ತಪ್ಪು ನನ್ನದು ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಹೊರಗೆ ಬಂದದ್ದು, "ಚಹಾ ತರಸ್ಲೇನ್ರಿ, ಅಕ್ಕಾರ?" ಎಂಬ ಮಾತು. ಆಕೆ ಬೇಡವೆಂದು ತಲೆಯಾಡಿಸಿ, ಕೊಡೆ ಬಿಚ್ಚಿಕೊಂಡು ಹೋದರು.

ತಿಂಗಳ ನಂತರ ಧೈರ್ಯ ಮಾಡಿ ಆ ವಾಡೆಗೆ ಹೋದೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಆ ಮನೆಯಲ್ಲಿ ಬೇರೆಯವರಿದ್ದರು. ಮುದುಕಿ ಊರ ಕಡೆ ಹೋದರು, ವಿಳಾಸ ಗೊತ್ತಿಲ್ಲ ಎಂದರು.

ಆಮೇಲೂ ಏಳೆಂಟು ವರ್ಷ ಅದೇ ಕೆಲಸ ಮಾಡಿದೆ, ಬೇರೇನೂ ಬರುತ್ತಿರಲಿಲ್ಲ. ಸಣ್ಣ ಅಕ್ಷರ ಕೇಳಿ ಬಂದವರಿಗೆ ದೊಡ್ಡದಾಗಿ ಹಾಕಿಸಿಕೊಳ್ಳಿ ಎನ್ನುತ್ತಿದ್ದೆ; ಅವರು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಕೊನೆಗೆ ಮಾಲೀಕರು ಅಕ್ಷರ ಕೊರೆಯುವ ಕಂಪ್ಯೂಟರಿನ ಯಂತ್ರ ತರಿಸಿ, ನಾಳೆಯಿಂದ ಬರುವುದು ಬೇಡ ಎಂದರು. ಹೆಂಡತಿ ಅತ್ತಳು. ನನಗೆ ಅಳು ಬರಲಿಲ್ಲ. ಉಂಗುರದ ವಿಷಯ ಅವಳಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ, ಅದರಾಗ ನಿಮ್ಮದೇನು ತಪ್ಪು ಎನ್ನುತ್ತಾಳೆ. ಆ ಮಾತು ಕೇಳುವ ಶಕ್ತಿ ನನಗಿಲ್ಲ.